ಕಿವಿ ಗುಂಯ್‌ಗುಡುವುದಕ್ಕೆ ಇನ್ಸುಲಿನ್ ಕಾರಣವೇ?

ಪ್ರಶ್ನೆ: ನನಗೆ 56 ವರ್ಷ. ಸಕ್ಕರೆ ಕಾಯಿಲೆ ಬಂದು 12 ವರ್ಷವಾಯಿತು. ಇಷ್ಟು ದಿನ ಮಾತ್ರೆಯಲ್ಲೇ ನಡೆಯುತ್ತಿತ್ತು. ಎಚ್‌ಬಿಎ1ಸಿ 9.4 ಬಂದಿದ್ದರಿಂದ ನಾಲ್ಕು ತಿಂಗಳ ಹಿಂದೆ ಮಾತ್ರೆಯ ಜೊತೆಗೆ ರಾತ್ರಿ ಹೊತ್ತು ಇನ್ಸುಲಿನ್ ಶುರು ಮಾಡಿದರು. ಈಗ ಎರಡು ತಿಂಗಳಿಂದ ಎರಡೂ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು. ರಾತ್ರಿ ಮಲಗಿದಾಗ ಜಾಸ್ತಿ. ಒಮ್ಮೊಮ್ಮೆ ಬೆಳಗಿನ ಜಾವ ಎಚ್ಚರವಾದರೆ ಮೈಯೆಲ್ಲ ಬೆವರಿರುತ್ತದೆ. ಆಗಂತೂ ಎದೆಬಡಿತವೇ ಕಿವಿಯೊಳಗೆ ಕೇಳಿಸುತ್ತದೆ. ಇದೆಲ್ಲ ಇನ್ಸುಲಿನ್‌ನಿಂದ, ನಿಲ್ಲಿಸಿಬಿಡು ಎಂದು ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ನಿಲ್ಲಿಸಲೇ? ಇದು ಶುಗರ್‌ಗೆ ಸಂಬಂಧಪಟ್ಟಿದ್ದೋ, ಕಿವಿಯದೇ ಬೇರೆ ತೊಂದರೆಯೋ?

ಉತ್ತರ: ಇನ್ಸುಲಿನ್ ನಿಲ್ಲಿಸಬೇಡಿ. ಉಳಿದದ್ದನ್ನು ನಿಧಾನವಾಗಿ ನೋಡೋಣ, ಈ ಮಾತು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ಎಚ್‌ಬಿಎ1ಸಿ 9.4 ಅಂದರೆ ಆ ಎರಡು ಮೂರು ತಿಂಗಳಲ್ಲಿ ನಿಮ್ಮ ಸರಾಸರಿ ಶುಗರ್ 220ರ ಆಸುಪಾಸು ಇತ್ತು ಎಂದರ್ಥ. ಇನ್ಸುಲಿನ್ ಬಿಟ್ಟರೆ ಕಿವಿಯ ಸದ್ದು ಹೋಗುತ್ತದೋ ಇಲ್ಲವೋ, ಶುಗರ್ ಮತ್ತೆ ಮೇಲೇರುವುದಂತೂ ಖಂಡಿತ.

ನೀವು ಒಂದೇ ತೊಂದರೆ ಎಂದುಕೊಂಡು ಬರೆದಿದ್ದೀರಿ. ನನಗೆ ಅದರಲ್ಲಿ ಎರಡು ಕಾಣಿಸುತ್ತಿವೆ. ದಿನವಿಡೀ ಇರುವ ಗುಂಯ್ ಸದ್ದು ಒಂದು. ಬೆಳಗಿನ ಜಾವ ಬೆವರಿನ ಜೊತೆ ಬರುವ ಎದೆಬಡಿತದ ಸದ್ದು ಇನ್ನೊಂದು. ಇವೆರಡರ ಕಾರಣ ಬೇರೆ ಬೇರೆ ಇರಬಹುದು. ತುರ್ತಾಗಿ ನೋಡಬೇಕಾದದ್ದು ಎರಡನೆಯದು, ಅದರಿಂದಲೇ ಶುರು ಮಾಡೋಣ.

ನಿದ್ದೆಯಲ್ಲಿ ಮೈ ಬೆವರಿ, ಎದೆ ಡವಡವ ಎಂದು ಎಚ್ಚರವಾಗುವುದು ಶುಗರ್ ಲೋ ಆಗುವುದರ ಲಕ್ಷಣ ಇರಬಹುದು. ರಾತ್ರಿ ಇನ್ಸುಲಿನ್ ಹಾಕಿಕೊಳ್ಳುವವರಲ್ಲಿ ಇದನ್ನೇ ಮೊದಲು ಅನುಮಾನಿಸಬೇಕು. ಜೊತೆಗೆ ಗ್ಲಿಮೆಪಿರೈಡ್, ಗ್ಲಿಕ್ಲಜೈಡ್ ಥರದ ಮಾತ್ರೆ ಮುಂದುವರಿದಿದ್ದರೆ ಅನುಮಾನ ಇನ್ನೂ ಜಾಸ್ತಿ. ಆ ಮಾತ್ರೆಗಳು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತವೆ, ಹೊರಗಿನಿಂದ ಇಂಜೆಕ್ಷನ್ ಬೇರೆ ಬೀಳುತ್ತಿರುತ್ತದೆ. ರಾತ್ರಿ ಊಟವಾಗಿ ಏಳೆಂಟು ಗಂಟೆ ಕಳೆದಿರುತ್ತದೆ. ಶುಗರ್ 70ಕ್ಕಿಂತ ಕೆಳಗಿಳಿದರೆ ದೇಹ ಗಾಬರಿಯಾಗಿ ಅಡ್ರಿನಲಿನ್ ಸುರಿಸುತ್ತದೆ. ಬೆವರು, ನಡುಕ, ಹಸಿವು, ಜೋರು ಎದೆಬಡಿತ ಎಲ್ಲವೂ ಅದರದೇ ಕೆಲಸ. ಹಗಲಿನಲ್ಲಾದರೆ ಸುತ್ತಲಿನ ಗಲಾಟೆಯಲ್ಲಿ ಎದೆಬಡಿತ ಕಿವಿಗೆ ಬೀಳುವುದಿಲ್ಲ. ನಡುರಾತ್ರಿ ದಿಂಬಿಗೆ ಕಿವಿ ಒತ್ತಿ ಮಲಗಿದಾಗ ಅದೇ ಬಡಿತ ಕಿವಿಯೊಳಗೆ ದೊಡ್ಡದಾಗಿ ಕೇಳಿಸುತ್ತದೆ.

ಇದನ್ನು ಊಹೆಯಲ್ಲಿ ಬಿಡಬೇಕಾಗಿಲ್ಲ. ಗ್ಲುಕೋಮೀಟರ್ ಮನೆಯಲ್ಲಿದೆ ಅಲ್ವಾ? ಎರಡು ಮೂರು ರಾತ್ರಿ ಅಲಾರಂ ಇಟ್ಟುಕೊಂಡು ಮೂರು ಗಂಟೆಗೆ ಎದ್ದು ಒಮ್ಮೆ ನೋಡಿ. ಬೆವರಿ ಎಚ್ಚರವಾದಾಗ ಬೇರೇನೂ ಮಾಡುವ ಮೊದಲು ಬೆರಳು ಚುಚ್ಚಿ ನೋಡಿ. ಅಂಕಿ, ಸಮಯ, ಕಿವಿಯಲ್ಲಿ ಸದ್ದಿತ್ತೇ ಎನ್ನುವುದನ್ನು ಬರೆದಿಡಿ. ತೋಳಿಗೆ ಅಂಟಿಸುವ ಸೆನ್ಸರ್ ಸಿಗುವುದಾದರೆ ಎರಡು ವಾರ ಹಾಕಿಕೊಳ್ಳುವುದು ಇನ್ನೂ ಒಳ್ಳೆಯದು. ರಾತ್ರಿಯಿಡೀ ಏನಾಯಿತು ಎಂಬುದು ಅದರಲ್ಲಿ ಗೊತ್ತಾಗುತ್ತದೆ.

70ಕ್ಕಿಂತ ಕಡಿಮೆ ಬಂದರೆ ಕೂಡಲೇ 15 ಗ್ರಾಂ ಗ್ಲೂಕೋಸ್ ಅಥವಾ ಸಕ್ಕರೆ ನೀರಿನಲ್ಲಿ ಕದಡಿ ಕುಡಿಯಿರಿ. ಮೂರು ನಾಲ್ಕು ಟೀ ಚಮಚ ಆಗುತ್ತದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಏರದಿದ್ದರೆ ಮತ್ತೊಮ್ಮೆ ಕುಡಿಯಿರಿ. ನೀವು ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ತೆಗೆದುಕೊಳ್ಳುತ್ತಿದ್ದರೆ ಸಾದಾ ಸಕ್ಕರೆ ಬೇಡ, ಗ್ಲೂಕೋಸೇ ಬೇಕು. ಆ ಮಾತ್ರೆಗಳು ಹೊಟ್ಟೆಯಲ್ಲಿ ಸಕ್ಕರೆ ಒಡೆಯುವುದನ್ನೇ ತಡೆಯುತ್ತವೆ, ಹಾಗಾಗಿ ಸಕ್ಕರೆ ತಿಂದರೂ ರಕ್ತಕ್ಕೆ ಬೇಗ ಸೇರುವುದಿಲ್ಲ. 54ಕ್ಕಿಂತ ಕೆಳಗೆ ಬಂದರೆ ಅದು ಅಪಾಯದ ಮಟ್ಟ, ಅದನ್ನು ಡಾಕ್ಟರಿಗೆ ತಿಳಿಸಲೇಬೇಕು. ಬಿಪಿಗಾಗಿ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರಿಗೆ ಎದೆಬಡಿತ, ನಡುಕ ಅಷ್ಟಾಗಿ ಗೊತ್ತಾಗದಿರಬಹುದು, ಬೆವರು ಮಾತ್ರ ಬರುತ್ತದೆ. ಇನ್ನು ಕೆಲವರಿಗೆ ಎಚ್ಚರವೇ ಆಗುವುದಿಲ್ಲ. ಬೆಳಗ್ಗೆ ತಲೆನೋವು, ಕೆಟ್ಟ ಕನಸು ಬಿದ್ದ ನೆನಪು, ಒದ್ದೆ ದಿಂಬು, ಇಷ್ಟೇ ಸುಳಿವು.

ಮೂರು ಗಂಟೆಯ ಶುಗರ್ ನಿಜಕ್ಕೂ ಕಡಿಮೆ ಇದ್ದರೆ ನಿಮ್ಮ ಪರಿಚಯದವರ ಮಾತಿನಲ್ಲಿ ಸ್ವಲ್ಪ ನಿಜವಿದೆ ಎಂದಾಯಿತು. ಆದರೆ ಆಗಲೂ ಬದಲಾಗಬೇಕಾದದ್ದು ಡೋಸು, ಇಲ್ಲವೇ ಹಾಕಿಕೊಳ್ಳುವ ಸಮಯ, ಇಲ್ಲವೇ ಜೊತೆಗಿನ ಮಾತ್ರೆ. ಅದನ್ನು ನಿಮ್ಮ ಡಾಕ್ಟರು ಒಂದು ಫೋನಿನಲ್ಲಿ ಸರಿ ಮಾಡಬಹುದು. ಅಂಕಿ ಸರಿಯಿದ್ದೂ ಬೆವರು, ಎದೆಬಡಿತ ಬರುತ್ತಿದ್ದರೆ ಹೃದಯ, ಥೈರಾಯ್ಡ್ ಪರೀಕ್ಷೆ ಆಗಬೇಕು. ನಿದ್ದೆಯಲ್ಲಿ ಉಸಿರು ಕಟ್ಟುತ್ತದೆಯೇ ಎಂದೂ ನೋಡಬೇಕು.

ಈಗ ದಿನವಿಡೀ ಇರುವ ಗುಂಯ್ ಸದ್ದಿಗೆ ಬರೋಣ. ಹೊರಗೆ ಸದ್ದಿಲ್ಲದಿದ್ದರೂ ಕಿವಿಯಲ್ಲಿ ಸದ್ದು ಕೇಳಿಸುವುದಕ್ಕೆ ಟಿನಿಟಸ್ ಎನ್ನುತ್ತಾರೆ. ದೊಡ್ಡವರಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಜನರಿಗೆ ಇದು ಒಂದಲ್ಲ ಒಂದು ಮಟ್ಟದಲ್ಲಿ ಇರುತ್ತದೆ. ಇನ್ಸುಲಿನ್ ಇದನ್ನು ತರುತ್ತದೆಯೇ? ಇಲ್ಲ ಎಂದೇ ನನ್ನ ಉತ್ತರ. ಕಿವಿಗೆ ಹಾನಿ ಮಾಡುವ ಔಷಧಗಳ ಪಟ್ಟಿ ಉದ್ದವಿದೆ, ಅದರಲ್ಲಿ ಇನ್ಸುಲಿನ್ ಇಲ್ಲ. ಇದನ್ನು ಮನುಷ್ಯರಿಗೆ ಕೊಡಲು ಶುರು ಮಾಡಿದ್ದು 1922ರಲ್ಲಿ. ಟೈಪ್ 1 ಇರುವ ಮಕ್ಕಳು ಅಂದಿನಿಂದಲೂ ಜೀವನಪೂರ್ತಿ ಇದನ್ನೇ ಹಾಕಿಕೊಂಡು ಬಂದಿದ್ದಾರೆ. ಇದು ಕಿವಿಗೆ ವಿಷವಾಗಿದ್ದರೆ ನೂರು ವರ್ಷ ಗುಟ್ಟಾಗಿ ಉಳಿಯುತ್ತಿರಲಿಲ್ಲ.

ಹಾಗಾದರೆ ಇನ್ಸುಲಿನ್ ಶುರುವಾದ ಮೇಲೇ ಯಾಕೆ ಬಂತು? ಇನ್ಸುಲಿನ್ ಬರೆದುಕೊಟ್ಟಿದ್ದು ಯಾವಾಗ ನೋಡಿ. ಶುಗರ್ ವರ್ಷಗಟ್ಟಲೆ ಹತೋಟಿ ತಪ್ಪಿದ ಮೇಲೆ. ಕಣ್ಣು, ಕಾಲು, ಕಿಡ್ನಿಯ ತೊಂದರೆಗಳು ತಲೆ ಎತ್ತುವುದೂ ಅದೇ ಹೊತ್ತಿನಲ್ಲಿ. ಹಾಗಾಗಿ ‘ಇನ್ಸುಲಿನ್ ಹಾಕಿಕೊಂಡ ಮೇಲೆ ಕಣ್ಣು ಹೋಯಿತು, ಕಿಡ್ನಿ ಹೋಯಿತು’ ಎನ್ನುವ ಮಾತು ಎಲ್ಲ ಕಡೆ ಇದೆ. ಹಳೆಯ ಶುಗರ್ ಮಾಡಿದ ಹಾನಿಯ ಅಪವಾದವನ್ನು ಇನ್ಸುಲಿನ್ ಹೊರುತ್ತದೆ, ಪಾಪ.

ಶುಗರ್‌ಗೂ ಕಿವಿಗೂ ಮಾತ್ರ ನಂಟಿದೆ, ಅದೂ ಹೊಸದೇನಲ್ಲ. ಸಕ್ಕರೆ ಕಾಯಿಲೆಯವರಲ್ಲಿ ಕಿವಿ ಮಂದವಾಗುವುದನ್ನು ವೈದ್ಯರು 1857ರಲ್ಲೇ ಬರೆದಿಟ್ಟಿದ್ದಾರೆ. 2008ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. 1999ರಿಂದ 2004ರವರೆಗಿನ ಆರೋಗ್ಯ ಸಮೀಕ್ಷೆಯಲ್ಲಿ ಸಾವಿರಾರು ಜನರ ಕಿವಿ ಪರೀಕ್ಷೆಯಾಗಿತ್ತು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಕಿವಿ ಮಂದ ಇರುವುದು ಇಲ್ಲದವರಿಗಿಂತ ಸುಮಾರು ಎರಡು ಪಟ್ಟು ಜಾಸ್ತಿ ಎಂದು ಅದರಲ್ಲಿ ಕಂಡುಬಂತು. ಕಾಯಿಲೆ ಇನ್ನೂ ಪೂರ್ತಿ ಬಾರದೆ ಗಡಿಯಲ್ಲಿದ್ದವರಲ್ಲೂ ಶೇ. 30ರಷ್ಟು ಜಾಸ್ತಿ ಇತ್ತು. ಗಮನಿಸಿ, ಇದು ಕೇಳುವ ಶಕ್ತಿಯ ಲೆಕ್ಕ. ಗುಂಯ್ ಸದ್ದನ್ನೇ ನೇರವಾಗಿ ಹಿಡಿದು ಮಾಡಿದ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಕೆಲವು ನಂಟಿದೆ ಎನ್ನುತ್ತವೆ, ಕೆಲವಕ್ಕೆ ಕಂಡಿಲ್ಲ. ಆದರೆ ಟಿನಿಟಸ್ ಬರುವುದು ಹೆಚ್ಚಾಗಿ ಕೇಳುವ ಶಕ್ತಿ ಕುಂದಿದ ಕಿವಿಯಲ್ಲೇ. ಹಾಗಾಗಿ ಶುಗರ್‌ನಿಂದ ಕಿವಿ ಸೋತರೆ ಸದ್ದಿಗೂ ಅದು ದಾರಿಯಾಗುತ್ತದೆ ಎಂದು ನಾನು ನಂಬುತ್ತೇನೆ.

ಹಾನಿ ಹೇಗಾಗುತ್ತದೆ ಎಂಬುದು ಸ್ವಲ್ಪ ಬಿಡಿಸಿ ಹೇಳುವಂಥದ್ದು. ಒಳಗಿವಿಯಲ್ಲಿ ಕಾಕ್ಲಿಯಾ ಎಂಬ ಸುರುಳಿ ಇದೆ. ಅದರಲ್ಲಿ ಸದ್ದನ್ನು ಹಿಡಿಯುವ ಸುಮಾರು 15,000 ಸೂಕ್ಷ್ಮ ಕೋಶಗಳಿವೆ. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಈ ಕೋಶಗಳು ಕೆಲಸ ಮಾಡಲು ಪಕ್ಕದ ದ್ರವದಲ್ಲಿ ಸುಮಾರು 80 ಮಿಲಿವೋಲ್ಟ್ ವಿದ್ಯುತ್ ಸದಾ ಇರಬೇಕು. ಅದನ್ನು ಕಾಪಾಡುವುದು ಸುರುಳಿಯ ಗೋಡೆಯಲ್ಲಿರುವ ಒಂದು ಪದರ. ಅದರ ತುಂಬ ಕೂದಲಿಗಿಂತ ತೆಳ್ಳಗಿನ ರಕ್ತನಾಳಗಳು, ಹಗಲುರಾತ್ರಿ ಬಿಡುವಿಲ್ಲದ ಕೆಲಸ. ಇಡೀ ಒಳಗಿವಿಗೆ ರಕ್ತ ಬರುವುದು ಒಂದೇ ಸಣ್ಣ ಧಮನಿಯಿಂದ. ಅದು ಕಟ್ಟಿದರೆ ಬದಲಿ ದಾರಿ ಇಲ್ಲ. ಈಗ ಸಕ್ಕರೆ ಕಾಯಿಲೆ ಏನು ಮಾಡುತ್ತದೆ ಎಂದು ನಿಮಗೆ ಗೊತ್ತೇ ಇದೆ. ಸಣ್ಣ ರಕ್ತನಾಳಗಳ ಗೋಡೆಯನ್ನು ದಪ್ಪ ಮಾಡುತ್ತದೆ, ನರಗಳನ್ನು ಸವೆಸುತ್ತದೆ. ಕಣ್ಣಿನ ಪರದೆಯಲ್ಲಿ, ಕಿಡ್ನಿಯಲ್ಲಿ ಆಗುವುದೇ ಕಿವಿಯಲ್ಲೂ ಆಗುತ್ತದೆ. ಸಕ್ಕರೆ ಕಾಯಿಲೆಯಿದ್ದು ತೀರಿಕೊಂಡವರ ಕಿವಿಯ ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದವರಿಗೆ ಈ ದಪ್ಪವಾದ ನಾಳಗಳು ಕಂಡಿವೆ. ಆದರೂ ವರ್ಷಕ್ಕೊಮ್ಮೆ ಕಣ್ಣು ನೋಡುತ್ತೇವೆ, ಕಾಲು ನೋಡುತ್ತೇವೆ, ಮೂತ್ರದಲ್ಲಿ ಪ್ರೊಟೀನ್ ನೋಡುತ್ತೇವೆ. ಕಿವಿಯನ್ನು ಕೇಳುವವರೇ ಇಲ್ಲ. ಇದು ನನ್ನ ಹಳೆಯ ತಕರಾರು.

ಕೇಳುವ ಶಕ್ತಿ ಕುಂದಿದರೆ ಸದ್ದು ಕಡಿಮೆಯಾಗಬೇಕು ತಾನೇ, ಗುಂಯ್ ಯಾಕೆ? ಸ್ಟೇಷನ್ ಸರಿಯಾಗಿ ಸಿಗದಾಗ ರೇಡಿಯೊದ ವಾಲ್ಯೂಮ್ ಏರಿಸಿದರೆ ಬರೀ ಗೊರಗೊರ ಸದ್ದೇ ಜೋರಾಗುತ್ತದಲ್ಲ, ಹಾಗೆ. ಕಿವಿಯಿಂದ ಬರುವ ಸಂಕೇತ ಕಡಿಮೆಯಾದಾಗ ಮೆದುಳು ತನ್ನ ವಾಲ್ಯೂಮ್ ಏರಿಸುತ್ತದೆ. ನರಗಳಲ್ಲಿ ಯಾವಾಗಲೂ ಇರುವ ಸಣ್ಣ ಚಟುವಟಿಕೆಯೇ ಸದ್ದಾಗಿ ಕೇಳಿಸುತ್ತದೆ. ಈ ಗುಣ ಎಲ್ಲ ಮೆದುಳಿಗೂ ಇದೆ. 1953ರಲ್ಲಿ ಹೆಲ್ಲರ್ ಮತ್ತು ಬರ್ಗ್‌ಮನ್ ಎಂಬ ಇಬ್ಬರು, ಕಿವಿ ಸರಿಯಿರುವ 80 ಜನರನ್ನು ಒಬ್ಬೊಬ್ಬರಾಗಿ ಸದ್ದೇ ಬಾರದ ಕೋಣೆಯಲ್ಲಿ ಕೂರಿಸಿದರು. ಕೆಲವೇ ನಿಮಿಷದಲ್ಲಿ ಶೇ. 94ರಷ್ಟು ಜನರಿಗೆ ಏನೋ ಒಂದು ಸದ್ದು ಕೇಳಿಸಿತು. ನಿಮಗೂ ರಾತ್ರಿ ಮಲಗಿದಾಗಲೇ ಜಾಸ್ತಿ ಅಲ್ವಾ? ರೋಗ ಬೆಳೆಯಿತು ಎಂದಲ್ಲ, ಮನೆ ನಿಶ್ಶಬ್ದವಾಯಿತು ಅಷ್ಟೇ.

ಆದ್ದರಿಂದ ಮಾಡಿಸಬೇಕಾದ ಪರೀಕ್ಷೆ ಆಡಿಯೋಮೆಟ್ರಿ. ನೋವಿಲ್ಲ, ಅರ್ಧ ಗಂಟೆಯ ಕೆಲಸ. ‘ನನಗೆ ಚೆನ್ನಾಗಿಯೇ ಕೇಳಿಸುತ್ತದೆ’ ಎನ್ನುತ್ತೀರಿ, ಗೊತ್ತು. ಶುಗರ್ ಇರಲಿ, ವಯಸ್ಸಿರಲಿ, ಮೊದಲು ಹೋಗುವುದು ತೀಕ್ಷ್ಣ ಸ್ವರಗಳು. ಮಾತಿನ ಸದ್ದು ಕೇಳುತ್ತದೆ, ಸ, ಶ, ತ, ಕ ಅಕ್ಷರಗಳು ಜಾರಿಹೋಗುತ್ತವೆ. ‘ಕೇಳಿಸ್ತು, ಏನಂದ್ರಿ ಅಂತ ಗೊತ್ತಾಗಲಿಲ್ಲ’ ಎನ್ನುವುದು ಇದರ ಗುರುತು. ಮನೆಯವರನ್ನು ಕೇಳಿ ನೋಡಿ, ಟಿವಿ ವಾಲ್ಯೂಮ್ ಬಗ್ಗೆ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಔಷಧದ ಚೀಟಿಗಳನ್ನೂ ಒಟ್ಟಿಗೆ ಇಟ್ಟುಕೊಂಡು ಹೋಗಿ. ಇನ್ಸುಲಿನ್ ನಿರಪರಾಧಿಯಾದರೂ ಅದರ ಪಕ್ಕದ ಔಷಧಗಳೆಲ್ಲ ಹಾಗಲ್ಲ. ಆಸ್ಪಿರಿನ್ ದಿನಕ್ಕೆ ಹಲವು ಗ್ರಾಂ ತೆಗೆದುಕೊಂಡರೆ ಕಿವಿ ಗುಂಯ್‌ಗುಡುತ್ತದೆ, ಬಿಟ್ಟರೆ ಸಾಮಾನ್ಯವಾಗಿ ಹೋಗುತ್ತದೆ. ಹೃದಯಕ್ಕೆಂದು ಕೊಡುವ 75 ಮಿಲಿಗ್ರಾಂ ತೀರಾ ಸಣ್ಣ ಪ್ರಮಾಣ, ಅದಕ್ಕೆ ಹೆದರಿ ಬಿಡಬೇಡಿ. ನೋವಿನ ಮಾತ್ರೆ ದಿನಾ ನುಂಗುವ ಅಭ್ಯಾಸವಿದ್ದರೆ ಹೇಳಿ. ಅದು ಕಿಡ್ನಿಗೂ ಒಳ್ಳೆಯದಲ್ಲ. ಕಾಲು ಬಾವಿಗೆ, ಕಿಡ್ನಿ ತೊಂದರೆಗೆ ಕೊಡುವ ಫ್ರೂಸೆಮೈಡ್ ದೊಡ್ಡ ಪ್ರಮಾಣದಲ್ಲಿ ಕಿವಿಗೆ ತೊಂದರೆ ಕೊಡಬಲ್ಲದು. ನಿಜವಾಗಿ ಭಯಪಡಬೇಕಾದದ್ದು ಅಮಿಕಾಸಿನ್, ಜೆಂಟಾಮೈಸಿನ್ ಇಂಜೆಕ್ಷನ್‌ಗಳಿಗೆ. ಕಾಲಿನ ಗಾಯಕ್ಕೋ ಮೂತ್ರದ ಸೋಂಕಿಗೋ ಈಚೆಗೆ ಕೊಟ್ಟಿದ್ದರೆ ಮರೆಯದೆ ಹೇಳಿ. ಅವುಗಳ ಹಾನಿ ಶಾಶ್ವತವಾಗಬಹುದು, ಕಿಡ್ನಿ ಸೋತವರಲ್ಲಿ ಇನ್ನೂ ಜಾಸ್ತಿ. ಮೆಟ್‌ಫಾರ್ಮಿನ್ ಕಿವಿಗೆ ಏನೂ ಮಾಡುವುದಿಲ್ಲ. ಆದರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗುತ್ತದೆ. ನರಗಳ ಸಲುವಾಗಿಯಾದರೂ ಒಮ್ಮೆ ಪರೀಕ್ಷೆ ಮಾಡಿಸಿ. ಬಿಪಿ, ಹಿಮೋಗ್ಲೋಬಿನ್, ಥೈರಾಯ್ಡ್ ಕೂಡ ಆಗಲಿ.

ಕಿವಿಯಲ್ಲಿ ಗುಗ್ಗೆ ಕಟ್ಟಿದ್ದರೂ ಸದ್ದು ಬರುತ್ತದೆ. ಬಹಳ ಸುಲಭದ ಕಾರಣ, ಅದನ್ನೇ ಮೊದಲು ನೋಡುತ್ತೇವೆ. ಆದರೆ ದಯವಿಟ್ಟು ಬಡ್ಸ್, ಪಿನ್ನು, ಕಡ್ಡಿ ಹಾಕಿ ನೀವೇ ತೆಗೆಯಲು ಹೋಗಬೇಡಿ. ಸಕ್ಕರೆ ಕಾಯಿಲೆಯವರಿಗೆ ಈ ಮಾತು ಎರಡು ಸಲ. ಕಿವಿನಾಳದ ಸಣ್ಣ ಗೀರಿನಲ್ಲಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡರೆ ಅದು ತಲೆಬುರುಡೆಯ ಮೂಳೆಯವರೆಗೆ ಕೊರೆಯಬಲ್ಲದು. 1968ರಲ್ಲಿ ಚಾಂಡ್ಲರ್ ಎಂಬ ವೈದ್ಯರು ಈ ರೋಗಕ್ಕೆ ಮಾರಕ ಎಂಬ ವಿಶೇಷಣವನ್ನೇ ಕೊಟ್ಟರು. ಇದು ಕ್ಯಾನ್ಸರ್ ಅಲ್ಲ, ಆದರೆ ಪ್ರಾಣಕ್ಕೆ ಅಷ್ಟೇ ಅಪಾಯ. ಇದರಲ್ಲಿ ರಾತ್ರಿ ನಿದ್ದೆ ಕೊಡದಂಥ ಕಿವಿನೋವು, ಸೋರುವಿಕೆ ಇರುತ್ತದೆ. ಕಡೆಗೆ ಮುಖದ ಒಂದು ಪಕ್ಕ ಜೋತುಬೀಳಬಹುದು. ನಿಮ್ಮಲ್ಲಿ ಇದರ ಸುಳಿವಿಲ್ಲ. ಗೊತ್ತಿರಲಿ ಎಂದು ಹೇಳಿದೆ.

ನಿಮಗೆ ಎರಡೂ ಕಿವಿಯಲ್ಲಿದೆ, ಇದು ಸಮಾಧಾನದ ವಿಷಯ. ಒಂದೇ ಕಿವಿಯಲ್ಲಿದ್ದರೆ, ಆ ಕಿವಿ ಮಂದವೂ ಆಗಿದ್ದರೆ, ನರದ ಮೇಲೆ ಗಡ್ಡೆ ಇಲ್ಲವೆಂದು ಎಂಆರ್‌ಐ ಮಾಡಿಸಿ ಖಚಿತ ಮಾಡಿಕೊಳ್ಳುತ್ತೇವೆ. ಹಗಲೂ ರಾತ್ರಿ ನಾಡಿಯ ಲಯದಲ್ಲೇ ಸದ್ದು ಬರುತ್ತಿದ್ದರೆ ರಕ್ತನಾಳಗಳ ಸ್ಕ್ಯಾನ್ ಬೇಕು. ತಲೆಸುತ್ತು ಜೊತೆಗಿದ್ದರೂ ಬೇಗ ತೋರಿಸಿ. ಇದ್ದಕ್ಕಿದ್ದಂತೆ ಒಂದೆರಡು ದಿನದಲ್ಲಿ ಒಂದು ಕಿವಿ ಕೇಳದಂತಾದರೆ ಮಾತ್ರ ಕಾಯುವಂತಿಲ್ಲ. ಆ ದಿನವೇ ಹೋಗಬೇಕು, ಸ್ಟೀರಾಯ್ಡ್ ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು. ಎರಡು ವಾರ ಕಳೆದ ಮೇಲೆ ಅದರ ಪ್ರಯೋಜನ ಇಳಿಯುತ್ತ ಹೋಗುತ್ತದೆ. ಸ್ಟೀರಾಯ್ಡ್ ಮಾತ್ರೆ ಶುಗರ್ ಏರಿಸುತ್ತದೆ ಎಂದು ನಿಮ್ಮಂಥವರು ಹಿಂಜರಿಯುತ್ತಾರೆ. ತಮಟೆಯ ಪರದೆ ದಾಟಿಸಿ ನಡುಗಿವಿಯೊಳಗೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವ ದಾರಿಯೂ ಇದೆ. ಅದರಿಂದ ಶುಗರ್ ಮೇಲೆ ಆಗುವ ಪರಿಣಾಮ ತುಂಬಾ ಕಡಿಮೆ. ಕೇಳಿ ಪಡೆಯಿರಿ.

ಶುಗರ್ ಹತೋಟಿಗೆ ಬಂದರೆ ಸದ್ದು ನಿಲ್ಲುತ್ತದೆಯೇ? ನಿಲ್ಲುತ್ತದೆ ಎಂದು ಮಾತು ಕೊಡಲಾರೆ. ಹೋದ ಕೋಶ ಹೋದದ್ದೇ. ಉಳಿದ ಕೋಶಗಳನ್ನು ಉಳಿಸಿಕೊಳ್ಳಬೇಕು. ಬಿಗಿಯಾದ ಹತೋಟಿ ಕಣ್ಣು, ಕಿಡ್ನಿ, ನರಗಳ ಹಾನಿಯನ್ನು ಚೆನ್ನಾಗಿ ತಗ್ಗಿಸುತ್ತದೆ ಎಂದು ಟೈಪ್ 1 ರೋಗಿಗಳ ಮೇಲಿನ ಡಿಸಿಸಿಟಿ ಅಧ್ಯಯನ 1993ರಲ್ಲೇ ತೋರಿಸಿತು. ಕಿವಿಯ ವಿಷಯದಲ್ಲಿ ಅಷ್ಟು ಗಟ್ಟಿ ಪುರಾವೆ ಬಂದಿಲ್ಲ. ಆದರೂ ಅದೇ ಥರದ ಸಣ್ಣ ನಾಳ, ಅದೇ ಥರದ ನರ ಅಲ್ವಾ?

ಇನ್ನು ಚಿಕಿತ್ಸೆ. ಟಿನಿಟಸ್ ವಾಸಿ ಮಾಡುವ ಮಾತ್ರೆ ಇಲ್ಲ. ಮಾರುವವರು ಮಾತ್ರ ಬಹಳ ಇದ್ದಾರೆ. ಗಿಂಕ್ಗೊ, ಜಿಂಕ್, ಮೆಲಟೋನಿನ್ ಕೊಡಬೇಡಿ ಎಂದು ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯರ ಸಂಘ 2014ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದೆ. ಗಿಂಕ್ಗೊ ಆಸ್ಪಿರಿನ್ ಜೊತೆ ಸೇರಿದರೆ ರಕ್ತಸ್ರಾವದ ಅಪಾಯವೂ ಇದೆ. ರಕ್ತದಲ್ಲಿ ಇನ್ಸುಲಿನ್ ಮಟ್ಟ ಹೆಚ್ಚಿರುವುದೇ ಟಿನಿಟಸ್‌ಗೆ ಕಾರಣ, ಇನ್ಸುಲಿನ್ ಅಳೆಸಿ ಎನ್ನುವ ವಾದವೂ ಒಂದಿದೆ. ಅದಕ್ಕೆ ಆಧಾರ ಸಾಲದು. ಈಗಾಗಲೇ ಇನ್ಸುಲಿನ್ ಹಾಕಿಕೊಳ್ಳುತ್ತಿರುವ ನಿಮಗೆ ಆ ಪರೀಕ್ಷೆಯಿಂದ ಏನೂ ಸಿಗುವುದಿಲ್ಲ, ಸುಮ್ನೆ ಖರ್ಚು.

ಕೆಲಸಕ್ಕೆ ಬರುವ ಸಂಗತಿಗಳು ಬೇರೆ ಇವೆ. ಕಿವಿ ಮಂದವಾಗಿದ್ದರೆ ಶ್ರವಣ ಸಾಧನ ಹಾಕಿಕೊಳ್ಳಿ. ಹೊರಗಿನ ಸದ್ದು ಸರಿಯಾಗಿ ಸಿಗತೊಡಗಿದಾಗ ಬಹಳ ಜನರಿಗೆ ಒಳಗಿನ ಸದ್ದು ಹಿಂದೆ ಸರಿಯುತ್ತದೆ. ರಾತ್ರಿ ಕೋಣೆಯನ್ನು ಪೂರ್ತಿ ನಿಶ್ಶಬ್ದ ಮಾಡಬೇಡಿ. ಫ್ಯಾನಿನ ಸದ್ದು, ಮೆಲ್ಲಗೆ ಹಚ್ಚಿದ ಮಳೆಯ ಸದ್ದು ಇರಲಿ. ಅದು ಗುಂಯ್ ಸದ್ದನ್ನು ಮುಚ್ಚುವಷ್ಟು ಜೋರಾಗಿರಬಾರದು, ಪಕ್ಕದಲ್ಲಿ ಇದ್ದರೆ ಸಾಕು. ಸದ್ದಿನಿಂದ ಮನಸ್ಸು ಕೆಟ್ಟು, ನಿದ್ದೆ ಹಾಳಾಗಿದ್ದರೆ ಸಿಬಿಟಿ ಎಂಬ ಆಪ್ತಸಲಹೆ ಇದೆ. ಸದ್ದನ್ನು ಅದು ಅಳಿಸುವುದಿಲ್ಲ, ಅದರ ಕಾಟವನ್ನು ಚೆನ್ನಾಗಿ ಇಳಿಸುತ್ತದೆ. ಇದಕ್ಕಿರುವಷ್ಟು ಪುರಾವೆ ಯಾವ ಮಾತ್ರೆಗೂ ಇಲ್ಲ. ನಿದ್ದೆಯನ್ನು ಹಗುರವಾಗಿ ಕಾಣಬೇಡಿ. ನಿದ್ದೆ ಕೆಟ್ಟರೆ ಮರುದಿನ ಶುಗರ್ ಏರುತ್ತದೆ, ಸದ್ದೂ ಜೋರೆನಿಸುತ್ತದೆ.

ಈಗ ನೀವು ಮಾಡಬೇಕಾದದ್ದು ಇಷ್ಟು. ಈ ವಾರವೇ ಮೂರು ಗಂಟೆಯ ಶುಗರ್ ನೋಡಿ. ಒಂದು ಸಲ 70ಕ್ಕಿಂತ ಕಡಿಮೆ ಬಂದರೂ ಮುಂದಿನ ರಾತ್ರಿಯ ಇಂಜೆಕ್ಷನ್‌ಗೆ ಮೊದಲೇ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ. ಡೋಸು ನೀವೇ ಬದಲಿಸಬೇಡಿ. ಆಡಿಯೋಮೆಟ್ರಿಗೆ ಅಷ್ಟು ಅವಸರವಿಲ್ಲ, ಈ ತಿಂಗಳೊಳಗೆ ಆದರೆ ಸಾಕು.